ಅಪ್ಪನ ಏಟಿನ ಭಯ ಕರಾಟೆಯಿಂದ ಹೋಗತ್ತಾ?

ವಯಸ್ಸು 34. ಚಿಕ್ಕೋನಿದ್ದಾಗ ಅಪ್ಪ ಬೆಲ್ಟ್ ತಗೊಂಡು ಹೊಡೀತಿದ್ರು, ಈಗ್ಲೂ ಪಕ್ಕದಲ್ಲಿ ಯಾರಾದ್ರೂ ಕೈ ಎತ್ತಿದ್ರೆ ಸಾಕು ಮೈಯೆಲ್ಲ ಬಿಗಿಯಾಗ್ಬಿಡತ್ತೆ. ಕರಾಟೆ, ಝೆನ್ ಧ್ಯಾನ ಯಾರಿಗಾದ್ರೂ ಉಪಯೋಗ ಆಗಿದ್ಯಾ?

ಉತ್ತರ: ನಂದೂ ಇದೇ ಕಥೆ ಗುರು. ಸ್ಪಾರಿಂಗ್ (ಎದುರಾಳಿ ಜೊತೆ ಅಭ್ಯಾಸದ ಫೈಟ್) ಅಂದ್ರೆ ಕಣ್ಣು ಮುಚ್ಕೊಂಡ್ಬಿಡ್ತಿದ್ದೆ, ಅದಕ್ಕೆ ಸರ್ ಆರು ತಿಂಗ್ಳು ಬರೀ ಕಟಾ (ಒಬ್ರೇ ಮಾಡೋ ಹೊಡೆತ-ತಡೆಗಳ ಸರಣಿ) ಮಾಡ್ಸಿದ್ರು, ಶೋಟೋಕಾನ್ ಅನ್ನೋ ಕರಾಟೆ ಶೈಲಿಲಿ ಹೆಯಾನ್ ಅನ್ನೋ ಐದು ಕಟಾನೂ ಶುರುವಾಗೋದು ತಡೆಯೋದ್ರಿಂದ, ಹೊಡೆಯೋದ್ರಿಂದಲ್ಲ, ನೋಡಿ. ಭಯ ಇಳೀತು, ಪೂರ್ತಿ ಹೋಗಿಲ್ಲ.

ಉತ್ತರ: ಸೋಟೋ ಅನ್ನೋ ಝೆನ್ ಪಂಥದಲ್ಲಿ ಗೋಡೆಗೆ ಮುಖ ಮಾಡಿ, ಕಣ್ಣು ಅರ್ಧ ತೆರೆದು ಕೂರ್ತಾರೆ. ನಂಗೆ ಸುಮ್ನೆ ಕೂತ್ರೆ ಹಳೇದೆಲ್ಲ ನುಗ್ಗಿ ಬರ್ತಿತ್ತು. ಹಾಗಾಗಿ ಹತ್ತೇ ನಿಮಿಷ, ಜೊತೆಗೆ ಕೌನ್ಸೆಲರ್. ಒಬ್ರೇ ಹಠ ಮಾಡ್ಬೇಡಿ.

ಥ್ಯಾಂಕ್ಸ್. ಸ್ಪಾರಿಂಗ್ ಬೇಡ ಅಂದ್ರೆ ಬೈಯಲ್ವಾ?

ಉತ್ತರ: ಬೈದ್ರೆ ಕ್ಲಾಸೇ ಬದಲಾಯ್ಸಿ.