ಬುಧವಾರದ ಶಿಕಾಗೋ ಸೀರಿಯಲ್‌ಗಳು: ಮೂರನ್ನೂ ನೋಡಲೇಬೇಕಾ? ಎಲ್ಲಿಂದ ಶುರು ಮಾಡೋದು?

ಶಿವಮೊಗ್ಗದ ಅಜ್ಜಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕಿನಿಂದ ರಿಟೈರ್ ಆದವಳು. ಈಗ ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ ಮಗನ ಮನೆಗೆ ಬಂದಿದ್ದೇನೆ. ಬುಧವಾರ ಚಾನೆಲ್ 5ರಲ್ಲಿ ಸಂಜೆ 7ಕ್ಕೆ ಆಸ್ಪತ್ರೆಯ ಸೀರಿಯಲ್, 8ಕ್ಕೆ ಫೈರ್ ಸ್ಟೇಷನ್ನಿನದು, 9ಕ್ಕೆ ಪೊಲೀಸರದು. ಶಿಕಾಗೋ ಮೆಡ್, ಶಿಕಾಗೋ ಫೈರ್, ಶಿಕಾಗೋ ಪಿ.ಡಿ. ಸೊಸೆ ಮೂರನ್ನೂ ಬಿಡದೆ ನೋಡುತ್ತಾಳೆ. ನಾನೂ ಪಕ್ಕದಲ್ಲಿ ಕೂತು ಶುರು ಮಾಡಿದೆ.

ತೊಂದರೆ ಏನಂದರೆ, ಯಾರು ಯಾರ ಕಡೆಯವರು ಅಂತಲೇ ಗೊತ್ತಾಗುವುದಿಲ್ಲ. ಬೆಂಕಿಯಿಂದ ಎಳೆದು ತಂದವನು ಇನ್ನೊಂದು ಸೀರಿಯಲ್ಲಿನ ಆಸ್ಪತ್ರೆಯಲ್ಲಿ ಮಲಗಿರುತ್ತಾನೆ. ಪೊಲೀಸ್ ಸ್ಟೇಷನ್ ಬಾಗಿಲಲ್ಲಿ ಎಲ್ಲರನ್ನೂ ಗದರುವ ಹೆಂಗಸು ಫೈರ್ ಸ್ಟೇಷನ್ನಿನ ಮೀಸೆಯವನ ಹೆಂಡತಿಯಂತೆ! ನಮ್ಮ ಕಡೆ ಎರಡು ಧಾರಾವಾಹಿಯವರು ಒಂದು ವಾರ ಮಹಾಸಂಗಮ ಅಂತ ಸೇರುತ್ತಾರೆ. ಮದುವೆನೋ ಪೂಜೆನೋ ಮುಗಿದರೆ ಅವರವರ ಮನೆಗೆ ಅವರವರು. ಇಲ್ಲಿ ಹಾಗೆ ಕಾಣುವುದಿಲ್ಲ. ಮೊದಲಿನಿಂದ ನೋಡೋಣ ಅಂದರೆ ಯಾವುದು ಮೊದಲು? ಮೂರನ್ನೂ ನೋಡಲೇಬೇಕಾ? ಪೊಲೀಸರದ್ದು ನನಗೆ ಅಷ್ಟು ಹಿಡಿಸಲಿಲ್ಲ. ಹೊಡೆತ ಜಾಸ್ತಿ.

ಕೋಲಾರದ ಹುಡುಗ:

ಆಂಟಿ, ಪ್ರಸಾರವಾದ ತಾರೀಖಿನ ಪ್ರಕಾರ ಒಂದೊಂದೇ ಎಪಿಸೋಡ್ ನೋಡಿ. ಫೈರ್ ಒಂದು, ಪಿ.ಡಿ. ಒಂದು, ಮೆಡ್ ಒಂದು. ನೆಟ್‌ನಲ್ಲಿ ಚಾರ್ಟ್ ಸಿಗುತ್ತೆ, ಪ್ರಿಂಟ್ ತೆಗೆದು ಟಿಕ್ ಹಾಕ್ತಾ ಹೋಗಿ. ನಾನು ಹಾಗೇ ಮಾಡಿದ್ದು.

ರಾತ್ರಿಪಾಳಿ:

ಅಮ್ಮಾ, ಚಾರ್ಟ್ ಹಿಡಿದು ಕೂತರೆ ಅದು ಸೀರಿಯಲ್ ನೋಡಿದ ಹಾಗಲ್ಲ, ಲೆಡ್ಜರ್ ಟ್ಯಾಲಿ ಮಾಡಿದ ಹಾಗೆ. ರಿಟೈರ್ ಆದ ಮೇಲೂ ಅದು ಯಾಕೆ ಬೇಕು?

ನಾನು ಶಿಕಾಗೋದ ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಮೈಕ್ರೋಬಯಾಲಜಿ, ರಾತ್ರಿ ಪಾಳಿ. ಮೂರನ್ನೂ ನೋಡಿದ್ದೇನೆ. ಅರ್ಧ ಪ್ರೀತಿಯಿಂದ, ಅರ್ಧ ಬೈದುಕೊಂಡು.

ನನ್ನ ಸಲಹೆ: ಫೈರ್ ಹಿಡಿಯಿರಿ. ಉಳಿದೆರಡು ಅದರ ಹಿಂದೆ ತಾವಾಗಿಯೇ ಬರುತ್ತವೆ. ಫೈರ್ ಶುರುವಾದದ್ದು 2012ರ ಅಕ್ಟೋಬರ್ 10ಕ್ಕೆ. ಪಿ.ಡಿ. 2014ರ ಜನವರಿ 8ಕ್ಕೆ, ಮೆಡ್ 2015ರ ನವೆಂಬರ್ 17ಕ್ಕೆ. ಎರಡೂ ಫೈರ್‌ನ ಮನೆಯಿಂದಲೇ ಬೇರೆ ಸಂಸಾರ ಹೂಡಿದವು. ಮೊದಲು ಫೈರ್‌ನ ಒಂದು ಎಪಿಸೋಡಿನಲ್ಲಿ ಹೊಸಬರನ್ನು ತಂದು ಕೂರಿಸುತ್ತಾರೆ, ಜನ ಒಪ್ಪುತ್ತಾರಾ ಅಂತ ನೋಡುತ್ತಾರೆ, ಆಮೇಲೆ ಬೇರೆ ಸೀರಿಯಲ್. ಪಿ.ಡಿ.ಯನ್ನು 2013ರ ಮೇ ತಿಂಗಳಲ್ಲಿ, ಮೆಡ್ ಅನ್ನು 2015ರ ಏಪ್ರಿಲ್‌ನಲ್ಲಿ ಹೀಗೇ ತಂದರು. ಇದರ ಹಿಂದಿರುವ ನಿರ್ಮಾಪಕ ಡಿಕ್ ವುಲ್ಫ್ ಈ ಕೆಲಸದಲ್ಲಿ ಪಳಗಿದವನು. 1990ರಿಂದ ನ್ಯೂಯಾರ್ಕಿನ ಪೊಲೀಸ್-ಕೋರ್ಟ್ ಸೀರಿಯಲ್‌ಗಳನ್ನು ಒಂದರ ಬೆನ್ನಿಗೊಂದು ಕಟ್ಟಿದ್ದಾನೆ.

ಫೈರ್‌ನಿಂದ ಶುರು ಮಾಡಿ ಅನ್ನುವುದಕ್ಕೆ ತಾರೀಖು ಒಂದೇ ಕಾರಣ ಅಲ್ಲ. ನಿಮಗೆ ಹಿಡಿಸದ ಆ ಪೊಲೀಸ್ ಅಧಿಕಾರಿ ಹ್ಯಾಂಕ್ ವೋಯ್ಟ್ ಇದ್ದಾನಲ್ಲ, ಅವನು ಮೊದಲು ಬಂದದ್ದೇ ಫೈರ್‌ನ ಮೊದಲ ಸೀಸನ್ನಿನಲ್ಲಿ, ಅದೂ ವಿಲನ್ ಆಗಿ. ಅವನ ಮಗ ಕುಡಿದು ಕಾರು ಓಡಿಸಿ ಒಬ್ಬ ಹುಡುಗನ ಸೊಂಟದ ಕೆಳಗೆ ಸ್ವಾಧೀನ ಇಲ್ಲದ ಹಾಗೆ ಮಾಡುತ್ತಾನೆ. ಅದನ್ನು ಕಂಡವನು ಫೈರ್‌ನ ಲೆಫ್ಟಿನೆಂಟ್ ಕೇಸಿ. ಹೇಳಿಕೆ ಬದಲಾಯಿಸು ಅಂತ ವೋಯ್ಟ್ ಅವನನ್ನು ಹೆದರಿಸುತ್ತಾನೆ, ಕಾಡುತ್ತಾನೆ, ಕೊನೆಗೆ ಅರೆಸ್ಟ್ ಆಗುತ್ತಾನೆ. ಮುಂದಿನ ವರ್ಷ ನೋಡಿದರೆ ಅದೇ ಮನುಷ್ಯ ಪಿ.ಡಿ.ಯ ನಾಯಕ! ಪಿ.ಡಿ.ಯಿಂದ ಶುರು ಮಾಡಿದವರಿಗೆ ಅವನು ಸುಮ್ನೆ ಒರಟ, ಒಳಗೆ ಒಳ್ಳೆಯವನು ಅಂತ ಕಾಣುತ್ತಾನೆ. ಫೈರ್ ನೋಡಿ ಬಂದವರಿಗೆ ಅವನ ಮೇಲೆ ನಂಬಿಕೆ ಹುಟ್ಟುವುದಿಲ್ಲ. ಹುಟ್ಟಬಾರದು ಕೂಡ.

ಇನ್ನು ನಂಟಸ್ತನ. ಫೈರ್‌ನ ಪ್ಯಾರಾಮೆಡಿಕ್ ಗ್ಯಾಬಿ ಡಾಸನ್, ಪಿ.ಡಿ.ಯ ಡಿಟೆಕ್ಟಿವ್ ಆಂಟೋನಿಯೊ ಡಾಸನ್ ಅಕ್ಕ-ತಮ್ಮನೋ ಅಣ್ಣ-ತಂಗಿಯೋ ಅಂತ ಯೋಚಿಸಬೇಡಿ, ಒಡಹುಟ್ಟಿದವರು ಅಷ್ಟೇ ಸಾಕು. ಪಿ.ಡಿ.ಯ ಜೇ ಹಾಲ್‌ಸ್ಟೆಡ್, ಮೆಡ್‌ನ ಡಾಕ್ಟರ್ ವಿಲ್ ಹಾಲ್‌ಸ್ಟೆಡ್ ಕೂಡ ಹಾಗೇ. ನೀವು ಹೇಳಿದ ಗದರುವ ಹೆಂಗಸು ಸಾರ್ಜೆಂಟ್ ಟ್ರೂಡಿ ಪ್ಲಾಟ್, ಮೀಸೆಯವನು ಮೌಚ್. ಇವರೆಲ್ಲ ಡ್ಯೂಟಿ ಮುಗಿಸಿ ಸೇರುವುದು ಮೋಲೀಸ್ ಅನ್ನೋ ಬಾರ್‌ನಲ್ಲಿ. ಅದು ಫೈರ್‌ನವರೇ ಸೇರಿ ನಡೆಸುವ ಜಾಗ. ನನ್ನ ಪ್ರಕಾರ ಮೂರನ್ನೂ ಹಿಡಿದಿಟ್ಟಿರುವುದು ದೊಡ್ಡ ದೊಡ್ಡ ಸ್ಫೋಟದ ಕಥೆಗಳಲ್ಲ, ಈ ಸಣ್ಣ ಓಡಾಟ. ಪೊಲೀಸನೊಬ್ಬ ಆಸ್ಪತ್ರೆಗೆ ಹೋಗುತ್ತಾನೆ, ಅಲ್ಲಿ ನರ್ಸ್ ಹೆಸರು ಅವನಿಗೆ ಮೊದಲೇ ಗೊತ್ತಿರುತ್ತದೆ. ಯಾರೂ ವಿವರಿಸುವುದಿಲ್ಲ. ಊರು ಅಂದರೆ ಹಾಗೇ ಅಲ್ವಾ?

ದೊಡ್ಡ ಮಹಾಸಂಗಮಗಳೂ ಇವೆ. ಅವನ್ನು ಮಾತ್ರ ಸರದಿ ತಪ್ಪದೆ ನೋಡಬೇಕು, ಇಲ್ಲದಿದ್ದರೆ ಕಥೆಯ ಮಧ್ಯ ಮಾತ್ರ ಸಿಗುತ್ತದೆ. 2014ರ ಏಪ್ರಿಲ್ ಕೊನೆಯಲ್ಲಿ ಆಸ್ಪತ್ರೆಯಲ್ಲಿ ಬಾಂಬ್ ಸಿಡಿಯುವ ಕಥೆ: ಮೊದಲ ರಾತ್ರಿ ಫೈರ್, ಮಾರನೆ ರಾತ್ರಿ ಪಿ.ಡಿ. 2019ರ ಅಕ್ಟೋಬರ್ 16ಕ್ಕೆ ಮಾಂಸ ತಿನ್ನುವ ಬ್ಯಾಕ್ಟೀರಿಯಾ ಕಥೆ, ಮೂರೂ ಸೀರಿಯಲ್‌ನಲ್ಲಿ ಒಂದೇ ರಾತ್ರಿ. 2025ರ ಜನವರಿ 29ಕ್ಕೆ ಸಬ್‌ವೇ ಸುರಂಗ ಕುಸಿಯುವ ಕಥೆ. ಕೊನೆಯ ಎರಡರಲ್ಲೂ ಫೈರ್ ಮೊದಲು, ಆಮೇಲೆ ಮೆಡ್, ಕೊನೆಗೆ ಪಿ.ಡಿ. ಮಾಮೂಲಿ ಬುಧವಾರದ ಹಾಗೆ ಮೆಡ್‌ನಿಂದ ಶುರು ಮಾಡಿದರೆ ಕೆಟ್ಟಿರಿ.

ಆ ಬ್ಯಾಕ್ಟೀರಿಯಾ ಕಥೆ ನನ್ನ ಇಲಾಖೆಯದ್ದು, ಅದಕ್ಕೇ ಬಿಡುವುದಿಲ್ಲ. ಟಿವಿ ಆಸ್ಪತ್ರೆಯಲ್ಲಿ ರಿಪೋರ್ಟ್ ಜಾಹೀರಾತು ಮುಗಿಯುವುದರೊಳಗೆ ಬರುತ್ತದೆ. ನಿಜದಲ್ಲಿ ಬ್ಲಡ್ ಕಲ್ಚರ್ ಬಾಟಲಿಯನ್ನು ಮೆಷಿನ್ ಒಳಗಿಟ್ಟು ರೋಗಾಣು ಬೆಳೆಯಲಿ ಅಂತ ಕಾಯಬೇಕು. ಏನೂ ಬೆಳೆಯದಿದ್ದರೆ ಐದು ದಿನ ಇಡುವುದು ವಾಡಿಕೆ. ಐದು ದಿನ ಕಾಯುವ ಡಾಕ್ಟರನ್ನು ಯಾರು ನೋಡುತ್ತಾರೆ ಹೇಳಿ. ಇನ್ನೊಂದು: ಎಮರ್ಜೆನ್ಸಿ ಡಾಕ್ಟರ್ ತನ್ನ ಪೇಷಂಟ್ ಹಿಂದೆಯೇ ಆಪರೇಷನ್ ಥಿಯೇಟರ್, ಐಸಿಯು, ಮನೆ ಬಾಗಿಲ ತನಕ ಹೋಗುತ್ತಾನೆ. ನಿಜವಾದ ಎಮರ್ಜೆನ್ಸಿಯಲ್ಲಿ ಅಷ್ಟರಲ್ಲಿ ಮುಂದಿನ ಸ್ಟ್ರೆಚರ್ ಬಂದಿರುತ್ತದೆ. ಆದರೂ ಮೆಡ್‌ನಲ್ಲಿ ಮನೋವೈದ್ಯ ಡಾಕ್ಟರ್ ಚಾರ್ಲ್ಸ್ ಪಾತ್ರಕ್ಕಾಗಿ ನೋಡಿ. ಆಲಿವರ್ ಪ್ಲಾಟ್ ಮಾಡಿದ್ದಾರೆ. ಧಾವಂತದ ಆಸ್ಪತ್ರೆಯಲ್ಲಿ ಕುರ್ಚಿ ಎಳೆದುಕೊಂಡು ಕೂತು ಮಾತಾಡುವವರು ಅವರೊಬ್ಬರೇ.

ಪಿ.ಡಿ. ಬಿಡಬಹುದು. ಮಹಾಸಂಗಮಗಳನ್ನು ಬಿಟ್ಟರೆ ಕಥೆ ಏನೂ ತಪ್ಪುವುದಿಲ್ಲ. ಆದರೆ ನೋಡುವುದಾದರೆ ಈ ಊರಿನ ಇತಿಹಾಸ ಸ್ವಲ್ಪ ತಿಳಿದು ನೋಡಿ. ವೋಯ್ಟ್ ಆರೋಪಿಗಳನ್ನು ಸ್ಟೇಷನ್ನಿನ ಕೆಳಗಿನ ಪಂಜರಕ್ಕೆ ಕರೆದುಕೊಂಡು ಹೋಗಿ ಬಾಯಿ ಬಿಡಿಸುತ್ತಾನೆ. ನಾವು ಸೋಫಾ ಮೇಲೆ ಕೂತು "ಹಾಗೇ ಆಗಬೇಕು" ಅನ್ನುತ್ತೇವೆ. ಇದೇ ಶಿಕಾಗೋದಲ್ಲಿ ಜಾನ್ ಬರ್ಜ್ ಅನ್ನೋ ಪೊಲೀಸ್ ಕಮಾಂಡರ್ ಮತ್ತವನ ಕೈಕೆಳಗಿನವರು 1970ರ ದಶಕದಿಂದ ವರ್ಷಗಟ್ಟಲೆ ಕಪ್ಪು ಜನರಿಗೆ ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಬರೆಸಿಕೊಂಡರು. 2015ರಲ್ಲಿ ನಗರಸಭೆ 55 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿತು. ಈ ವಿಷಯವನ್ನು ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಪಾಠವಾಗಿ ಕಲಿಸಬೇಕು ಅಂತಲೂ ತೀರ್ಮಾನವಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಲಕ್ವಾನ್ ಮೆಕ್‌ಡೊನಾಲ್ಡ್ ಅನ್ನೋ ಹದಿನೇಳರ ಹುಡುಗನನ್ನು ಪೊಲೀಸ್ 16 ಗುಂಡು ಹೊಡೆದು ಕೊಂದ ವಿಡಿಯೋ ಹೊರಗೆ ಬಂತು. ಅದಾಗಿ ಒಂದು ವಾರಕ್ಕೆ ಪೊಲೀಸ್ ಮುಖ್ಯಸ್ಥನನ್ನು ಮೇಯರ್ ಕೆಲಸದಿಂದ ತೆಗೆದರು. ಟಿವಿಯಲ್ಲಿ ವೋಯ್ಟ್ ಕುರ್ಚಿ ಮಾತ್ರ ಅಲ್ಲಾಡಲಿಲ್ಲ. 2020ರ ನಂತರ ಪೊಲೀಸ್ ಸುಧಾರಣೆಯ ಮಾತು ಸೀರಿಯಲ್ಲಿಗೂ ಬಂತು, ನಿಜ. ನನಗೆ ಅದು ಸಾಲಲಿಲ್ಲ. ನಿಮಗೆ ಹೊಡೆತ ಜಾಸ್ತಿ ಅನಿಸಿದ್ದು ಸರಿಯಾಗಿಯೇ ಇದೆ.

ನಿಮ್ಮ ಮಗನಿಗೆ ಒಂದು ಶನಿವಾರ ಬಿಡುವಿದ್ದರೆ ಊರೊಳಗೆ ಬನ್ನಿ. ಮೂರೂ ಕಟ್ಟಡ ಪಶ್ಚಿಮ ಭಾಗದಲ್ಲಿ ನಡೆದು ನೋಡುವಷ್ಟು ಹತ್ತಿರ ಇವೆ. ಬ್ಲೂ ಐಲ್ಯಾಂಡ್ ಅವೆನ್ಯೂದಲ್ಲಿರುವ ಫೈರ್‌ಹೌಸ್ 51 ನಿಜದಲ್ಲಿ ಇಂಜಿನ್ 18ರ ಸ್ಟೇಷನ್. ಅದು ಸೆಟ್ ಅಲ್ಲ, ಕೆಲಸ ನಡೆಯುವ ಜಾಗ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಅಲ್ಲಿಂದ ಮ್ಯಾಕ್ಸ್‌ವೆಲ್ ಸ್ಟ್ರೀಟಿಗೆ ಬಂದರೆ ಪಿ.ಡಿ.ಯ ಹಳೇ ಕಟ್ಟಡ. ಈಗ ಅಲ್ಲಿರುವುದು ಯೂನಿವರ್ಸಿಟಿ ಪೊಲೀಸರು. ಆಸ್ಪತ್ರೆ ಅಂತ ಹೊರಗಿನಿಂದ ತೋರಿಸುವುದು ರಶ್ ಯೂನಿವರ್ಸಿಟಿ ಮೆಡಿಕಲ್ ಸೆಂಟರ್, ಚಿಟ್ಟೆಯ ಆಕಾರದ ಬಿಳಿ ಕಟ್ಟಡ. ಒಳಗಿನ ದೃಶ್ಯಗಳೆಲ್ಲ ಬಹುಪಾಲು ಸಿನೆಸ್ಪೇಸ್ ಸ್ಟುಡಿಯೋದಲ್ಲಿ. ಅದು ಹಿಂದೆ ಸ್ಟೀಲ್ ಕಂಪನಿಯ ಜಾಗ.

ಬಳ್ಳಾರಿ ಬಿಸಿಲು:

ರಾತ್ರಿಪಾಳಿಯವರೇ, ಚೆನ್ನಾಗಿ ಬರೆದಿದ್ದೀರಿ. ನಾನು ಅಗ್ನಿಶಾಮಕ ಠಾಣೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒಂದೆರಡು ಮಾತು ಸೇರಿಸುತ್ತೇನೆ.

ಅಮ್ಮಾ, ಅಲ್ಲಿ ಟ್ರಕ್ 81, ಸ್ಕ್ವಾಡ್ 3, ಇಂಜಿನ್ 51 ಅಂತ ಕೂಗುತ್ತಾರಲ್ಲ, ಅದು ಬರೀ ಗಾಡಿ ನಂಬರ್ ಅಲ್ಲ. ಇಂಜಿನ್‌ನವರು ನೀರು, ಹೋಸ್ ನೋಡಿಕೊಳ್ಳುತ್ತಾರೆ. ಟ್ರಕ್‌ನವರು ಏಣಿ, ಬಾಗಿಲು ಒಡೆಯುವುದು, ಛಾವಣಿ ಕತ್ತರಿಸಿ ಹೊಗೆ ಬಿಡುವುದು, ಒಳಗಿದ್ದವರನ್ನು ಹುಡುಕುವುದು. ಸ್ಕ್ವಾಡ್ ಅಂದರೆ ವಿಶೇಷ ರಕ್ಷಣೆ. ಕೇಸಿ ಟ್ರಕ್‌ನವನು, ಸೆವರೈಡ್ ಸ್ಕ್ವಾಡ್‌ನವನು. ಮೊದಲ ಸೀಸನ್ನಿನಲ್ಲಿ ಇಬ್ಬರೂ ಯಾಕೆ ಗುರಾಯಿಸುತ್ತಾರೆ ಅಂತ ಇದು ತಿಳಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಆಂಬುಲೆನ್ಸ್ 61 ಕೂಡ ಅದೇ ಠಾಣೆಯಲ್ಲಿದೆ, ಯಾಕಂದರೆ ಶಿಕಾಗೋದಲ್ಲಿ ಆಂಬುಲೆನ್ಸ್ ಫೈರ್ ಇಲಾಖೆಯದ್ದೇ. ನಮ್ಮಲ್ಲಿ 108 ಬೇರೆ, ನಾವು ಬೇರೆ. ಅವರದು 24 ಗಂಟೆ ಡ್ಯೂಟಿ, 48 ಗಂಟೆ ರಜೆ. ಅಡುಗೆ, ಊಟ, ನಿದ್ದೆ, ಜಗಳ ಎಲ್ಲ ಠಾಣೆಯಲ್ಲೇ. ಊಟಕ್ಕೆ ಕೂತಾಗಲೇ ಗಂಟೆ ಹೊಡೆಯುವುದು ಮಾತ್ರ ಎಲ್ಲ ದೇಶದಲ್ಲೂ ಒಂದೇ!

ಸುಳ್ಳು ಎಲ್ಲಿ ಅಂದರೆ ಹೊಗೆಯಲ್ಲಿ. ಸೀರಿಯಲ್ಲಿನಲ್ಲಿ ಮನೆ ಒಳಗೆ ಎಲ್ಲ ಕಾಣುತ್ತದೆ. ನಿಜದಲ್ಲಿ ನಿಮ್ಮ ಕೈ ನಿಮಗೆ ಕಾಣುವುದಿಲ್ಲ, ಗೋಡೆ ಸವರಿಕೊಂಡು ತೆವಳಬೇಕು. ಆ ಹೊಗೆಯಲ್ಲಿ ಬಿ.ಎ. ಸೆಟ್ (ಉಸಿರಾಟದ ಸಾಧನ) ಮುಖವಾಡ ತೆಗೆದು ಡೈಲಾಗ್ ಹೊಡೆಯುವವನು ಎರಡನೇ ಡೈಲಾಗಿಗೆ ಇರುವುದಿಲ್ಲ. ಆದರೆ ಏಣಿ ಇಡುವುದು, ಹೋಸ್ ಎಳೆಯುವುದು ಅಚ್ಚುಕಟ್ಟು. ಅಲ್ಲಿನ ಇಲಾಖೆಯಲ್ಲಿದ್ದ ಸ್ಟೀವ್ ಚಿಕೆರೋಟಿಸ್ ಅನ್ನೋ ಹಿರಿಯ ಅಧಿಕಾರಿ ಸಲಹೆಗಾರರು. ಸ್ಕ್ವಾಡ್‌ನಲ್ಲಿ ಟೋನಿ ಅಂತ ಒಬ್ಬ ಬರುತ್ತಾನಲ್ಲ, ಅವನು ನಿಜವಾಗಿಯೂ ಫೈರ್‌ಮನ್. ನಡೆಯುವ ರೀತಿಯಲ್ಲೇ ಗೊತ್ತಾಗುತ್ತದೆ.

ಗಾಡಿಗಳ ಮೇಲೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ ಇರುವುದನ್ನು ಗಮನಿಸಿ. ಹಡಗಿನ ಪದ್ಧತಿ ಅದು. ಹಿಂದೆ ಹಡಗು ವ್ಯಾಪಾರದ ಮನೆತನದ ಆಲ್ಬರ್ಟ್ ಗುಡ್‌ರಿಚ್ ಅಲ್ಲಿ ಫೈರ್ ಕಮಿಷನರ್ ಆಗಿದ್ದಾಗ ತಂದದ್ದು ಅಂತ ಹೇಳುತ್ತಾರೆ.

ಹಳೇ ರೀಲು:

ಈ ಸೇರಿಸುವ ಆಟ ಹೊಸದೇನಲ್ಲ. 1972ರಲ್ಲೇ ಜ್ಯಾಕ್ ವೆಬ್ ಅವರ 'ಎಮರ್ಜೆನ್ಸಿ!' ಇತ್ತು, ಲಾಸ್ ಏಂಜಲೀಸಿನ ಪ್ಯಾರಾಮೆಡಿಕ್‌ಗಳ ಕಥೆ. ಅವರ ಠಾಣೆ ನಂಬರ್ ಕೂಡ 51. ಅದರ ಮೊದಲ ಕಥೆಯಲ್ಲೇ ವೆಬ್ ಅವರ ಪೊಲೀಸ್ ಸೀರಿಯಲ್ 'ಆಡಮ್-12'ರ ಇಬ್ಬರು ಪೊಲೀಸರು ಬಂದು ಹೋಗುತ್ತಾರೆ. ತಮಾಷೆ ಕೇಳಿ. ಆಮೇಲಿನ ಒಂದು ಎಪಿಸೋಡಿನಲ್ಲಿ ಅದೇ ಪ್ಯಾರಾಮೆಡಿಕ್‌ಗಳು ಠಾಣೆಯಲ್ಲಿ ಕೂತು ಟಿವಿಯಲ್ಲಿ ಆಡಮ್-12 ನೋಡುತ್ತಿರುತ್ತಾರೆ! ಕೊನೆಗೆ ಏನಾಯಿತು ಅಂತ ನೋಡುವಷ್ಟರಲ್ಲಿ ಫೈರ್ ಕಾಲ್ ಬರುತ್ತದೆ. ಶಿಕಾಗೋದವರು ಇಷ್ಟು ಎಡವಟ್ಟು ಮಾಡಿಲ್ಲ.

ಶಿವಮೊಗ್ಗದ ಅಜ್ಜಿ:

ಎಲ್ಲರಿಗೂ ಧನ್ಯವಾದ. ಕೋಲಾರದ ಹುಡುಗನಿಗೂ ಸೇರಿಸಿ. ಬೇಜಾರು ಮಾಡಿಕೊಳ್ಳಬೇಡ ಮಗಾ, ಆದರೆ ಟಿಕ್ ಹಾಕಿ ಹಾಕಿ ನನಗೆ ಸಾಕಾಗಿದೆ. ಸೊಸೆಗೆ ಹೇಳಿ ಫೈರ್ ಮೊದಲ ಸೀಸನ್ ಹಾಕಿಸಿದೆ. ವೋಯ್ಟ್ ಬಂದ. ಅಯ್ಯೋ, ಎಂಥಾ ಮನುಷ್ಯ! ಇನ್ನೊಂದು ಪ್ರಶ್ನೆ. ಶಿಕಾಗೋ ಜಸ್ಟಿಸ್ ಅಂತ ನಾಲ್ಕನೆಯದೂ ಇತ್ತು ಅಂತ ಸೊಸೆ ಅಂದಳು. ಅದು ನೋಡಬೇಕಾ?

ರಾತ್ರಿಪಾಳಿ:

ಇತ್ತು ಅಮ್ಮಾ, ವಕೀಲರದ್ದು. 2017ರ ಮಾರ್ಚ್‌ನಲ್ಲಿ ಬಂತು, 13 ಎಪಿಸೋಡ್ ಆಯಿತು, ನಿಲ್ಲಿಸಿದರು. ಪಿ.ಡಿ. ಬಿಟ್ಟು ಅಲ್ಲಿಗೆ ಹೋಗಿದ್ದ ಆಂಟೋನಿಯೊ ವಾಪಸ್ ಪಿ.ಡಿ.ಗೇ ಬಂದ. ವಕೀಲ ಪೀಟರ್ ಸ್ಟೋನ್‌ನನ್ನು ಮಾತ್ರ ನ್ಯೂಯಾರ್ಕಿನ 'ಲಾ ಅಂಡ್ ಆರ್ಡರ್: ಎಸ್.ವಿ.ಯು.'ಗೆ ಕಳಿಸಿದರು. ಅವನ ಅಪ್ಪ ಬೆನ್ ಸ್ಟೋನ್ 1990ರ ಮೂಲ ಲಾ ಅಂಡ್ ಆರ್ಡರ್‌ನ ವಕೀಲ. ನೀವು ಮೆಡ್‌ನಲ್ಲಿ ನೋಡುವ ಗೂಡ್ವಿನ್ ಮೇಡಂ ಪಾತ್ರದ ಎಪಾಥಾ ಮರ್ಕರ್ಸನ್ ಕೂಡ ಅದೇ ಸೀರಿಯಲ್ಲಿನಲ್ಲಿ ವರ್ಷಗಟ್ಟಲೆ ಪೊಲೀಸ್ ಲೆಫ್ಟಿನೆಂಟ್ ಆಗಿದ್ದರು, ಬೇರೆ ಹೆಸರಿನಲ್ಲಿ. ಆ ದಾರಿ ಹಿಡಿದರೆ ನಿಮ್ಮ ಆರು ತಿಂಗಳ ವೀಸಾ ಸಾಲುವುದಿಲ್ಲ. ಸದ್ಯಕ್ಕೆ ಫೈರ್ ಎರಡನೇ ಸೀಸನ್ ಮುಗಿಸಿ. ಅದರ ಕೊನೆಯ ಎಪಿಸೋಡ್ ಆದ ತಕ್ಷಣ ಮೂರನೇ ಸೀಸನ್ನಿನ ಮೊದಲನೆಯದೂ ನೋಡಿಬಿಡಿ, ಮಧ್ಯೆ ನಿಲ್ಲಿಸಿ ಮಲಗಬೇಡಿ. ಯಾಕೆ ಅಂತ ಸೊಸೆಯನ್ನು ಕೇಳಬೇಡಿ, ಅವಳು ಹೇಳಿಬಿಡುತ್ತಾಳೆ.