ಮಳೆಗಾಲದಲ್ಲಿ ಮನೆಗೆ ಜನರೇಟರ್: 2 ಕೆವಿಎ ಸಾಕೇ, 5 ಕೆವಿಎ ಬೇಕೇ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ತೋಟದ ಮನೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ತೋಟದ ನಡುವಿನ ಒಂಟಿ ಮನೆ. ಆಷಾಢದ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟು ಬರುವುದಿಲ್ಲ. 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಮೊದಲ ರಾತ್ರಿ ಕಳೆಯುವಷ್ಟರಲ್ಲೇ ಕೂಗಲು ತೊಡಗುತ್ತದೆ. ತಂದೆಯವರ ಇನ್ಸುಲಿನ್ ಫ್ರಿಜ್ಜಿನಲ್ಲಿರುವುದರಿಂದ ಈ ವರ್ಷ ಪೆಟ್ರೋಲ್ ಜನರೇಟರ್ ಕೊಳ್ಳಬೇಕೆಂದು ನಿಶ್ಚಯಿಸಿದ್ದೇವೆ. ಫ್ರಿಜ್ಜು, ದೀಪಗಳು, ಇನ್ವರ್ಟರ್ ಚಾರ್ಜಿಂಗ್ ಮತ್ತು ಬಾವಿಯ ಅರ್ಧ ಎಚ್‌ಪಿ ಪಂಪು ನಡೆಯಬೇಕು. ಒಬ್ಬ ಅಂಗಡಿಯವರು 2 ಕೆವಿಎ (ಕಿಲೋವೋಲ್ಟ್-ಆಂಪಿಯರ್, ಜನರೇಟರಿನ ಸಾಮರ್ಥ್ಯದ ಅಳತೆ) ಧಾರಾಳವಾಯಿತು ಎನ್ನುತ್ತಾರೆ, ಇನ್ನೊಬ್ಬರು 5 ಕೆವಿಎಗಿಂತ ಕಡಿಮೆಯದನ್ನು ನೋಡಲೇಬೇಡಿ ಎನ್ನುತ್ತಾರೆ. ಎತ್ತಿಡಲು ಮನೆಯಲ್ಲಿರುವುದು ನಾವಿಬ್ಬರೇ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ಮೋಟಾರ್ ವೈಂಡಿಂಗ್ ಕೆಲಸದವರು

ನಿಮ್ಮ ಪಟ್ಟಿಯಲ್ಲಿ ತೊಡಕಿರುವುದು ಪಂಪಿನದು ಮಾತ್ರ. ಅರ್ಧ ಎಚ್‌ಪಿ ಎಂದರೆ 373 ವ್ಯಾಟ್, ಆದರೆ ಅದು ಮೋಟಾರು ಹೊರಗೆ ಕೊಡುವ ಶಕ್ತಿಯೇ ಹೊರತು ಅದು ಎಳೆಯುವ ವಿದ್ಯುತ್ತಲ್ಲ. ಮೊನ್ನೆ ಇಂಥದೇ ಒಂದು ಪಂಪಿಗೆ, ವೈರಿನಲ್ಲಿ ಹರಿಯುವ ಕರೆಂಟನ್ನು ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದೆ: ಓಡುವಾಗ ಮೂರೂವರೆ ಆಂಪಿಯರ್ ಇದ್ದದ್ದು, ಸ್ವಿಚ್ ಹಾಕಿದ ಕ್ಷಣದಲ್ಲಿ 17ರವರೆಗೆ ಹಾರಿ ಇಳಿಯಿತು. 230 ವೋಲ್ಟಿಗೆ ಅದು ಹೆಚ್ಚುಕಡಿಮೆ 4 ಕೆವಿಎ ಆಗುತ್ತದೆ. ನಿಮ್ಮ ಇಬ್ಬರು ಅಂಗಡಿಯವರ ಮಾತಿನ ನಡುವಿನ ಅಂತರ ಇದೇ.

ಜನರೇಟರಿನಲ್ಲೂ ಎರಡು ಬಗೆ. ಹಳೆಯ ಬಗೆಯದು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಮಾತ್ರ 50 ಹರ್ಟ್ಸ್ ಕೊಡುತ್ತದೆ. ಆದ್ದರಿಂದ ಒಂದೇ ಬಲ್ಬ್ ಉರಿದರೂ ಅದೇ ಗದ್ದಲ. ಇನ್ವರ್ಟರ್ ಬಗೆಯದು ಮೊದಲು ಡಿಸಿ ಮಾಡಿಕೊಂಡು, ಅನಂತರ ಶುದ್ಧ ಎಸಿ ಕೊಡುವುದರಿಂದ ಲೋಡು ಕಡಿಮೆಯಾದಾಗ ಎಂಜಿನ್ ನಿಧಾನಿಸಿ ಪೆಟ್ರೋಲ್ ಉಳಿಸುತ್ತದೆ. 2 ಕೆವಿಎಯದು ಸುಮಾರು 20 ಕೆಜಿ ತೂಗುತ್ತದೆ, ಒಬ್ಬರೇ ಎತ್ತಬಹುದು. ಆದರೆ ಪಂಪಿನ ಆ ಒಂದು ಎಳೆತಕ್ಕೆ ಅದು ಓವರ್‌ಲೋಡ್ ಎಂದು ಕರೆಂಟು ಕಡಿದುಬಿಡುವ ಸಂಭವವೇ ಹೆಚ್ಚು.

ಈಗ ನನ್ನ ಪ್ರಶ್ನೆ: ಆಷಾಢದಲ್ಲಿ ನಿಮ್ಮ ಬಾವಿಯ ನೀರು ಎಷ್ಟು ಕೆಳಗಿರುತ್ತದೆ? ನಮ್ಮ ಕಡೆ ಕಟ್ಟೆಯಿಂದ ಬಗ್ಗಿದರೆ ಕೈಗೆ ಸಿಗುವಂತಿರುತ್ತದೆ. ಅಷ್ಟು ನೀರನ್ನು ರಾಟೆಗೆ ಹಗ್ಗ ಹಾಕಿ ಸೇದಬಹುದಾದರೆ, ವರ್ಷದ ಎರಡು ಮೂರು ದಿನದ ಪಂಪಿಗಾಗಿ ದುಪ್ಪಟ್ಟು ಭಾರದ ಯಂತ್ರ ಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಪಂಪು ಬಿಟ್ಟರೆ 2 ಕೆವಿಎ ಇನ್ವರ್ಟರ್ ಜನರೇಟರ್ ಸಾಕು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಗರಿಷ್ಠ ಸಾಮರ್ಥ್ಯ; ಸತತವಾಗಿ ಕೊಡುವ ರೇಟೆಡ್ ಸಾಮರ್ಥ್ಯವನ್ನು ಕೇಳಿಕೊಂಡೇ ಕೊಳ್ಳಿ.

ಉತ್ತರ 2: ಕೊಪ್ಪದಿಂದ ಒಬ್ಬ ಗೃಹಿಣಿ

ಯಂತ್ರ ಯಾವುದಾದರೂ ಇರಲಿ, ಎಲ್ಲಿಡುತ್ತೀರಿ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಮಳೆ ಹೊಡೆಯುತ್ತದೆಂದು ಜಗಲಿಗೆ ಎಳೆದು ತರುವ ಮನಸ್ಸಾಗುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ನಾವು ಮನೆಯಿಂದ 20 ಅಡಿ ಆಚೆ, ನಾಲ್ಕು ಕಡೆಯೂ ತೆರೆದಿರುವ ಸಣ್ಣ ಶೀಟಿನ ಮಾಡು ಕಟ್ಟಿಸಿ, ಹೊಗೆ ತೋಟದ ಕಡೆಗೆ ಹೋಗುವಂತೆ ಇಟ್ಟಿದ್ದೇವೆ.

ಎರಡು ಕಡೆಗೂ ಪ್ಲಗ್ ಇರುವ ವೈರಿನಿಂದ ಮನೆಯ ಸಾಕೆಟ್ಟಿಗೆ ಕರೆಂಟು ಕೊಡುವುದನ್ನು ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೇನ್ ಆಫ್ ಮಾಡಲು ಒಮ್ಮೆ ಮರೆತರೆ ಆ ಕರೆಂಟು ಟ್ರಾನ್ಸ್‌ಫಾರ್ಮರಿನಲ್ಲಿ ಹಿಂದಕ್ಕೆ ಹೋಗಿ 11,000 ವೋಲ್ಟ್ ಆಗಬಹುದು, ಅದೇ ಹೊತ್ತಿಗೆ ಲೈನ್‌ಮನ್ ಒಬ್ಬರು ಮಳೆಯಲ್ಲಿ ಕಂಬದ ಮೇಲಿರುತ್ತಾರೆ. ಮನೆಯನ್ನು ಲೈನಿನಿಂದ ಬಿಡಿಸಿ ಜನರೇಟರಿಗೆ ಜೋಡಿಸುವ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬದಲಿಸುವ ಚೇಂಜ್‌ಓವರ್ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬಾವಿಯ ರಾಟೆ ಇನ್ನೂ ಇದೆ, ಹಗ್ಗ ಮಾತ್ರ ಹೊಸದಾಗಬೇಕು. ಹಾಗಾದರೆ ಜನರೇಟರನ್ನು ದಿನಕ್ಕೆ ಎಷ್ಟು ಹೊತ್ತು ಓಡಿಸಬೇಕಾದೀತು?

ಉತ್ತರ 1ರವರು ಮತ್ತೆ

ಬಾಗಿಲು ತೆರೆಯದಿದ್ದರೆ ಫ್ರಿಜ್ಜು ನಾಲ್ಕು ಗಂಟೆ ತಂಪು ಹಿಡಿದುಕೊಳ್ಳುತ್ತದೆ. ಆ ಲೆಕ್ಕದಲ್ಲಿ ಹಗಲಿನಲ್ಲಿ ಬಿಟ್ಟು ಬಿಟ್ಟು ಎರಡೆರಡು ಗಂಟೆ ಓಡಿಸಿ, ಅದೇ ಹೊತ್ತಿಗೆ ಇನ್ವರ್ಟರನ್ನೂ ಚಾರ್ಜಿಗೆ ಹಾಕಿ. ಬ್ಯಾಟರಿ ಪೂರ್ತಿ ತುಂಬಲು 10-12 ಗಂಟೆ ಬೇಕಾದರೂ ರಾತ್ರಿಯ ದೀಪಗಳಿಗೆ ಅಷ್ಟು ಚಾರ್ಜೇ ಸಾಕಾಗುತ್ತದೆ. ಫ್ರಿಜ್ಜಿನೊಳಗೆ ಒಂದು ಥರ್ಮಾಮೀಟರ್ ಇಡಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು.

ಇನ್ನೊಂದು ಮಾತು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇರುತ್ತದೆ, ಅದು ತೇವ ಹೀರುತ್ತದೆ. ಕಳೆದ ವರ್ಷದ ಪೆಟ್ರೋಲನ್ನು ಹಾಗೆಯೇ ಬಿಟ್ಟಿದ್ದ ಒಂದು ಜನರೇಟರಿನ ಕಾರ್ಬ್ಯುರೇಟರ್ ಬಿಚ್ಚಿದಾಗ, ಕೂದಲೆಳೆಯಷ್ಟಿರುವ ಜೆಟ್ಟಿನ ತೂತು ಹಸಿರು ಅಂಟಿನಿಂದ ಪೂರ್ತಿ ಮುಚ್ಚಿಹೋಗಿತ್ತು. ಮಳೆಗಾಲ ಮುಗಿದ ಮೇಲೆ ಟ್ಯಾಂಕಿನ ಪೆಟ್ರೋಲನ್ನು ಬಸಿದುಬಿಟ್ಟು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಹೊಸ ಯಂತ್ರ ಸಾಮಾನ್ಯವಾಗಿ ಆಯಿಲ್ ಇಲ್ಲದೆಯೇ ಬರುತ್ತದೆ, ಹಗ್ಗ ಎಳೆಯುವ ಮೊದಲು ಅದನ್ನು ಹಾಕಲು ಮರೆಯಬೇಡಿ.