ಬಿಡದ ನೋವು, ಮಿದುಳು ಮತ್ತು ರೊಟ್ಟಿಯ ಲೆಕ್ಕ: ನಿಮ್ಮ ಪ್ರಶ್ನೆಗಳಿಗೆ ನೋವು ತಜ್ಞೆಯ ಉತ್ತರ

ಎಲ್ಲರಿಗೂ ನಮಸ್ಕಾರ. ನಾನು ಅರಿವಳಿಕೆ ತಜ್ಞೆ. ಕೆಲವು ವರ್ಷಗಳಿಂದ ಹುಬ್ಬಳ್ಳಿಯಲ್ಲಿ ನೋವಿನ ಚಿಕಿತ್ಸೆಯನ್ನಷ್ಟೇ ಮಾಡುತ್ತಿದ್ದೇನೆ. ಮೂರು ತಿಂಗಳು ದಾಟಿದರೂ ಹೋಗದ ನೋವಿನ ಬಗ್ಗೆ ಕೇಳಿ, ಬಿಡುವಾದಾಗಲೆಲ್ಲ ಉತ್ತರಿಸುತ್ತೇನೆ. ರಿಪೋರ್ಟಿನ ಫೋಟೋ ಹಾಕುವವರು ಹೆಸರು ಕಾಣದಂತೆ ಹಾಕಿ.

ಪ್ರಶ್ನೆ (ಗದಗ, ಪ್ರೌಢಶಾಲಾ ಶಿಕ್ಷಕಿ, 46 ವರ್ಷ): ಡಾಕ್ಟರ್ ಮೇಡಂ, ನಾಲ್ಕು ವರ್ಷಗಳಿಂದ ಸೊಂಟನೋವು. ಎಂಆರ್‌ಐ ಮಾಡಿಸಿದಾಗ ಸೊಂಟದ ಎಲ್4–ಎಲ್5 ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಸವೆದಿದೆ, ಉಬ್ಬಿದೆ ಎಂದು ಬರೆದುಕೊಟ್ಟರು. ಬಗ್ಗಬೇಡಿ, ಭಾರ ಎತ್ತಬೇಡಿ, ಕೆಳಗೆ ಕೂರಬೇಡಿ ಎಂದರು. ಎಲ್ಲವನ್ನೂ ಬಿಟ್ಟೆ. ರೊಟ್ಟಿ ಬಡಿಯುವುದನ್ನೂ ಬಿಟ್ಟು ಖಾನಾವಳಿಯಿಂದ ತರಿಸುತ್ತಿದ್ದೇವೆ. ಆದರೂ ನೋವು ಹೆಚ್ಚುತ್ತಲೇ ಇದೆ. ಕಳೆದ ತಿಂಗಳು ಇನ್ನೊಬ್ಬ ವೈದ್ಯರು ರಿಪೋರ್ಟ್ ನೋಡಿ, "ಇಷ್ಟಕ್ಕೆ ಅಷ್ಟು ನೋವು ಬರುವುದಿಲ್ಲ, ಎಲ್ಲ ನಿಮ್ಮ ತಲೆಯಲ್ಲಿದೆ" ಎಂದುಬಿಟ್ಟರು. ಆ ದಿನ ಬಸ್ಸಿನಲ್ಲಿ ಅಳುತ್ತಲೇ ಮನೆಗೆ ಬಂದೆ. ನಾನೇನು ನಾಟಕ ಮಾಡುತ್ತಿದ್ದೇನೆಯೇ?

ಉತ್ತರ: ಇಲ್ಲ ಟೀಚರ್. ನಿಮ್ಮ ನೋವು ನಿಜವಾದದ್ದು. ನೀವು ಅತ್ತಿರಿ ಎಂದು ಓದಿ ನನಗೂ ಸಂಕಟವಾಯಿತು, ಏಕೆಂದರೆ ಅರ್ಧ ಸತ್ಯವನ್ನು ಬೈಗುಳದಂತೆ ನಿಮ್ಮ ಮುಖಕ್ಕೆ ಎಸೆದಿದ್ದಾರೆ. ನೋವು ಯಾರದೇ ಆಗಲಿ, ಅದು ಅನುಭವಕ್ಕೆ ಬರುವುದು ಮಿದುಳಿನಲ್ಲೇ. ಇವತ್ತು ಬೆಳಿಗ್ಗೆ ಕಾಲು ಮುರಿದುಕೊಂಡವರ ನೋವೂ ಹಾಗೆಯೇ. ಅಪಘಾತದಲ್ಲಿ ಕಾಲನ್ನೇ ಕಳೆದುಕೊಂಡವರು ಇಲ್ಲದ ಹೆಬ್ಬೆರಳು ಸಿಡಿಯುತ್ತದೆ ಎಂದು ರಾತ್ರಿಯಿಡೀ ನರಳುವುದನ್ನು ನಾನು ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಅವರ ನೋವನ್ನು ನಾಟಕ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಪೆಟ್ಟಾದಾಗ ಆ ಜಾಗದ ನರಗಳು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ, ಅಲ್ಲಿಂದ ಅದು ಮಿದುಳಿಗೆ ಹೋಗುತ್ತದೆ. ಸುದ್ದಿ ಎಷ್ಟು ಗಂಭೀರ ಎಂದು ಮಿದುಳು ಹಿಂದಿನ ಅನುಭವ, ಭಯ, ನಿದ್ದೆ ಎಲ್ಲವನ್ನೂ ಸೇರಿಸಿ ತೂಗುತ್ತದೆ. ಗಾಯ ಸಾಮಾನ್ಯವಾಗಿ ವಾರಗಳಲ್ಲಿ ಮಾಗುತ್ತದೆ. ಕೆಲವರಲ್ಲಿ ಮಾತ್ರ ಸುದ್ದಿ ಒಯ್ಯುವ ದಾರಿಯೇ ಚುರುಕಾಗಿ ಉಳಿದುಬಿಡುತ್ತದೆ. ಕಳ್ಳ ಒಮ್ಮೆ ಬಂದು ಹೋದ ಮೇಲೆ ಓಣಿಯ ನಾಯಿ ಹಾಲಿನವನಿಗೂ ಬೊಗಳತೊಡಗುತ್ತದಲ್ಲ, ಹಾಗೆ. ಬೆನ್ನುಹುರಿಯೊಳಗಿನ ನರಕೋಶಗಳೇ ಹೀಗೆ ಅತಿಸೂಕ್ಷ್ಮವಾಗುತ್ತವೆ ಎಂದು ನರವಿಜ್ಞಾನಿ ಕ್ಲಿಫರ್ಡ್ ವುಲ್ಫ್ 1983ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಬೊಗಳುವುದು ನಿಜ, ನಿಮ್ಮ ನಿದ್ದೆ ಕೆಡುವುದೂ ನಿಜ. ಬಾಗಿಲಲ್ಲಿ ಕಳ್ಳ ಮಾತ್ರ ಇಲ್ಲ.

ಇನ್ನು ರಿಪೋರ್ಟಿನ ವಿಚಾರ. ಬೆನ್ನುನೋವೇ ಇಲ್ಲದ 3,110 ಮಂದಿಯ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅದರಲ್ಲಿ 40ರ ವಯಸ್ಸಿನವರ ಪೈಕಿ ನೂರಕ್ಕೆ 68 ಮಂದಿಗೆ ಡಿಸ್ಕ್ ಸವೆದಿತ್ತು, 50 ಮಂದಿಗೆ ಉಬ್ಬಿತ್ತು. ನೆನಪಿರಲಿ, ಅವರಾರಿಗೂ ನೋವಿರಲಿಲ್ಲ. ಕೂದಲು ನೆರೆತ ಹಾಗೆ ಡಿಸ್ಕೂ ನೆರೆಯುತ್ತದೆ. ಆ ಎರಡು ಸಾಲು ಓದಿ ನಿಮ್ಮ ಬೆನ್ನು ಗಾಜಿನದು ಎಂದು ನಂಬಿದ ದಿನದಿಂದ ನೀವು ಬಗ್ಗುವುದನ್ನು ಬಿಟ್ಟಿರಿ, ಸ್ನಾಯುಗಳು ಸೊರಗಿದವು, ಭಯ ಹೆಚ್ಚಿತು. ನನ್ನ ಬಳಿ ಬರುವವರಲ್ಲಿ ಇದನ್ನು ದಿನವೂ ಕಾಣುತ್ತೇನೆ.

ಕೆಲವು ಲಕ್ಷಣಗಳಿದ್ದರೆ ಮಾತ್ರ ಈ ಮಾತುಗಳನ್ನೆಲ್ಲ ಬದಿಗಿಟ್ಟು ಆಸ್ಪತ್ರೆಗೆ ಓಡಬೇಕು. ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ತೊಡೆಸಂದಿಯಲ್ಲಿ ಜೋಮು, ಪಾದ ಎತ್ತಲಾಗದಿರುವುದು, ಇವಿದ್ದರೆ ಅದೇ ದಿನ. ಬೆನ್ನುನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಅಥವಾ ಹಿಂದೆ ಕ್ಯಾನ್ಸರ್ ಆಗಿದ್ದ ಚರಿತ್ರೆ ಇದ್ದರೂ ತಡಮಾಡಬಾರದು.

ಅದೇ ಶಿಕ್ಷಕಿ: ಅಂಥದ್ದೇನೂ ಇಲ್ಲ ಮೇಡಂ. ಹಾಗಾದರೆ ಮಾಡಬೇಕಾದದ್ದೇನು?

ಉತ್ತರ: ರೊಟ್ಟಿಯಿಂದಲೇ ಶುರುಮಾಡೋಣ. ನಾಳೆ ಕಟ್ಟೆಯ ಮುಂದೆ ನಿಂತುಕೊಂಡು ಎರಡೇ ರೊಟ್ಟಿ ಬಡಿಯಿರಿ. ಹಿಟ್ಟು ಮನೆಯಲ್ಲಿ ಬೇರೆ ಯಾರಾದರೂ ನಾದಿ ಕೊಡಲಿ. ನೋವು ಇಲ್ಲದಿದ್ದರೂ ಎರಡಕ್ಕೇ ನಿಲ್ಲಿಸಿ. ಸ್ವಲ್ಪ ನೋವು ಬಂದರೂ ಎರಡನ್ನು ಮುಗಿಸಿ. ಎಷ್ಟು ಮಾಡಬೇಕೆಂದು ನೋವನ್ನು ಕೇಳಬೇಡಿ, ಎಣಿಕೆಯನ್ನು ಕೇಳಿ. ಇದೇ ಇದರ ಗುಟ್ಟು. ಮೂರು ದಿನಕ್ಕೊಮ್ಮೆ ಒಂದು ರೊಟ್ಟಿ ಹೆಚ್ಚಿಸಿ. ಬಗ್ಗಿದರೂ ಏನೂ ಮುರಿಯಲಿಲ್ಲ ಎಂಬುದು ಮಿದುಳಿಗೆ ಮಾತಿನಿಂದ ಗೊತ್ತಾಗುವುದಿಲ್ಲ, ಬಗ್ಗಿ ತೋರಿಸಿದಾಗಲೇ ಗೊತ್ತಾಗುತ್ತದೆ. ಜೊತೆಗೆ ಸಂಜೆ ಹತ್ತು ನಿಮಿಷ ನಡಿಗೆ. ಲೆಕ್ಕವನ್ನು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹತ್ತಿರದ ಫಿಸಿಯೋಥೆರಪಿ ತಜ್ಞರಿಗೆ ಒಮ್ಮೆ ತೋರಿಸಿ, ಬರೀ ಯಂತ್ರ ಹಚ್ಚಿ ಕಳಿಸದೆ ವ್ಯಾಯಾಮ ಕಲಿಸುವಂತೆ ಕೇಳಿ.

ಪ್ರಶ್ನೆ (ಬ್ಯಾಡಗಿ): ಅಕ್ಕಾ, ನಾನು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತೇನೆ. ಸಂಜೆ ಕೈ ಬೆಂಕಿಯಲ್ಲಿಟ್ಟ ಹಾಗೆ ಉರಿಯುತ್ತದೆ, ಒಂದು ಬೊಬ್ಬೆಯೂ ಇರುವುದಿಲ್ಲ. ಅತ್ತೆಯ ಮೊಣಕಾಲಿಗೆ ಕೊಟ್ಟ ಮುಲಾಮಿನಲ್ಲಿ ಮೆಣಸಿನ ಅಂಶವೇ ಇದೆ ಎಂದು ಔಷಧಿ ಅಂಗಡಿಯವರು ಹೇಳಿದರು. ಉರಿಸುವುದೇ ಔಷಧಿಯಾಗುವುದು ಹೇಗೆ?

ಉತ್ತರ: ತಂಗಿ, ಈ ಗುಂಪಿಗೆ ಬಂದ ಪ್ರಶ್ನೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ನಿಮ್ಮದು. ಮೆಣಸಿನ ಖಾರಕ್ಕೆ ಕಾರಣವಾದ ವಸ್ತು ಕ್ಯಾಪ್ಸೈಸಿನ್. ನಮ್ಮ ನರಗಳ ತುದಿಯಲ್ಲಿ ಸುಮಾರು 43 ಡಿಗ್ರಿಗಿಂತ ಹೆಚ್ಚು ಬಿಸಿ ತಾಗಿದಾಗ ತೆರೆಯುವ ಪುಟ್ಟ ಬಾಗಿಲುಗಳಿವೆ. ಕ್ಯಾಪ್ಸೈಸಿನ್ ಬಂದು ಅದೇ ಬಾಗಿಲನ್ನು ತೆರೆದುಬಿಡುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಇದನ್ನು ಪತ್ತೆಮಾಡಿತು. ಒತ್ತಡವನ್ನು ಗ್ರಹಿಸುವ ಬಾಗಿಲನ್ನು ಕಂಡುಹಿಡಿದ ಆರ್ಡೆಮ್ ಪಟಪೌಟಿಯನ್ ಅವರೊಂದಿಗೆ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ನಿಮ್ಮ ಕೈಗೆ ಬೆಂಕಿ ತಾಗಿಲ್ಲ, ಚರ್ಮ ಸುಟ್ಟಿಲ್ಲ, ಆದರೆ ನರ ಒಯ್ದ ಸುದ್ದಿ "ಬೆಂಕಿ" ಎಂದೇ. ಆದ್ದರಿಂದ ಆ ಉರಿ ನಿಜವಾದ ಉರಿ. ಮೇಲೆ ಟೀಚರ್‌ಗೆ ನಾನು ಅಷ್ಟುದ್ದ ಬರೆದು ಹೇಳಿದ್ದನ್ನು ನಿಮ್ಮ ಕೈ ದಿನವೂ ಸಂಜೆ ಹೇಳುತ್ತಿದೆ.

ಆ ಬಾಗಿಲನ್ನು ಮತ್ತೆ ಮತ್ತೆ ತೆರೆಸಿದರೆ ನರದ ತುದಿ ದಣಿದು ಕೆಲಕಾಲ ಸುದ್ದಿ ಕಳಿಸುವುದನ್ನೇ ನಿಲ್ಲಿಸುತ್ತದೆ. ಮುಲಾಮು ಕೆಲಸ ಮಾಡುವುದು ಹೀಗೆ. ಅದಕ್ಕೇ ಒಂದು ದಿನ ಹಚ್ಚಿ ಬಿಟ್ಟರೆ ಬರೀ ಉರಿ. ವೈದ್ಯರು ಹೇಳಿದಂತೆ ದಿನವೂ ಕೆಲವು ವಾರ ಹಚ್ಚಬೇಕು. ಗಾಯವಿದ್ದಲ್ಲಿ ಬೇಡ, ಹಚ್ಚಿದ ಕೈ ಕಣ್ಣಿಗೆ ತಾಗದಿರಲಿ. ನಿಮ್ಮ ಕೈಗಾದರೆ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸಾಬೂನಿನಿಂದ ತೊಳೆಯಿರಿ. ಸಾಧ್ಯವಾದರೆ ಕೈಗವಸು ಕೊಡಿಸಲು ಮಾಲೀಕರನ್ನು ಕೇಳಿ, ಇದು ನಿಮಗೆ ಸಲ್ಲಬೇಕಾದದ್ದು.

ಪ್ರಶ್ನೆ (ಹುಬ್ಬಳ್ಳಿ): ತಾಯಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ರಾತ್ರಿ ಪಾದ ಉರಿಯುತ್ತವೆ, ಚಾದರ ತಾಗಿದರೂ ಕೂಗುತ್ತಾರೆ. ವೈದ್ಯರು ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆದರು. ಅದು ಮಾನಸಿಕ ರೋಗದ ಗುಳಿಗೆ ಎಂದು ಗೊತ್ತಾಗಿ ಅವ್ವ ತೆಗೆದುಕೊಳ್ಳಲು ಒಪ್ಪುತ್ತಿಲ್ಲ.

ಉತ್ತರ: ಖಿನ್ನತೆಗಾಗಿ ಬಂದ ಗುಳಿಗೆ ಎಂಬುದು ನಿಜ, ಆದರೆ ಖಿನ್ನತೆಗೆ ಕೊಡುವ ಪ್ರಮಾಣ ಇದರ ಹಲವು ಪಟ್ಟು. ಹತ್ತು ಮಿಲಿಗ್ರಾಂ ನರದ ನೋವಿಗಾಗಿಯೇ. ಮಿದುಳಿನಿಂದ ಬೆನ್ನುಹುರಿಗೆ ಇಳಿದು ನೋವಿನ ಸುದ್ದಿಯನ್ನು ತಗ್ಗಿಸುವ ನರಮಾರ್ಗಗಳಿವೆ. ಬೆನ್ನುಹುರಿಯಲ್ಲಿ ನೋವಿಗೊಂದು ದ್ವಾರವಿದೆ, ಅದು ತೆರೆಯಲೂಬಹುದು, ಮುಚ್ಚಲೂಬಹುದು ಎಂದು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಹೇಳಿದ್ದರು. ಈ ಗುಳಿಗೆ ಆ ಇಳಿಯುವ ಮಾರ್ಗಗಳಿಗೆ ಬಲ ಕೊಡುತ್ತದೆ. ಚಾದರ ತಾಗಿದರೂ ನೋಯುವುದು ನರ ಕೆಟ್ಟಿರುವುದರ ಗುರುತು, ಅವ್ವನ ಮನಸ್ಸು ಕೆಟ್ಟಿರುವುದರ ಗುರುತಲ್ಲ. ಹೀಗೆಯೇ ಅವರಿಗೆ ತಿಳಿಸಿ ಹೇಳಿ. ರಾತ್ರಿ ಕೊಡಬೇಕು, ಬಾಯಿ ಒಣಗಬಹುದು, ಬೆಳಿಗ್ಗೆ ಮಂಪರು ಇರಬಹುದು, ಎದ್ದು ನಡೆಯುವಾಗ ಬೀಳದಂತೆ ಯಾರಾದರೂ ಜೊತೆಗಿರಿ. ಹೃದಯದ ತೊಂದರೆಯಾಗಲಿ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯಾಗಲಿ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ, ಬೇರೆ ಔಷಧಿಗಳಿವೆ. ದಿನವೂ ಅವ್ವನ ಅಂಗಾಲು ನೋಡಿ, ಗೊತ್ತಾಗದ ಗಾಯವಿದೆಯೇ ಎಂದು.

ಪ್ರಶ್ನೆ (ರಾಣೆಬೆನ್ನೂರು, ರೈತ, 67 ವರ್ಷ): ಮೊಣಕಾಲು ನೋವಿಗೆ ಎರಡು ವರ್ಷಗಳಿಂದ ದಿನಕ್ಕೊಂದು ಡೈಕ್ಲೋಫೆನಾಕ್ ತೆಗೆದುಕೊಳ್ಳುತ್ತೇನೆ. ಬಿಪಿ ಗುಳಿಗೆಯೂ ಇದೆ. ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ ಕಾಕಾ. ದಿನವೂ ತೆಗೆದುಕೊಂಡರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಮೂತ್ರಪಿಂಡ ಹಾಳಾಗಬಹುದು, ಬಿಪಿ ಏರಬಹುದು. ಈ ವಾರವೇ ವೈದ್ಯರ ಬಳಿ ಹೋಗಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಮಲ ಕಪ್ಪಗೆ ಡಾಂಬರಿನಂತೆ ಹೋದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ (ಧಾರವಾಡ, ವಿಜ್ಞಾನ ವಿದ್ಯಾರ್ಥಿ): ಮಿದುಳು ನೋವನ್ನು ಕಲಿಯುತ್ತದೆ, ಮರೆಯುತ್ತದೆ ಎನ್ನುವುದಕ್ಕೆ ಪುರಾವೆ ಇದೆಯೇ? ಕೇಳಲು ಚೆನ್ನಾಗಿದೆ, ಆದರೆ ಸಮಾಧಾನದ ಮಾತಿನಂತೆಯೂ ಇದೆ.

ಉತ್ತರ: ಕೇಳಬೇಕಾದದ್ದನ್ನೇ ಕೇಳಿದ್ದೀರಿ ತಮ್ಮಾ. ಬಹುಕಾಲ ಬೆನ್ನುನೋವಿದ್ದ 26 ಮಂದಿಯ ಮಿದುಳನ್ನು ಆರೋಗ್ಯವಂತರ ಮಿದುಳಿನೊಂದಿಗೆ ಹೋಲಿಸಿ, ಅವರ ಮಿದುಳಿನ ಬೂದು ಭಾಗ ಶೇಕಡಾ 5ರಿಂದ 11ರಷ್ಟು ಕಡಿಮೆ ಇದೆ ಎಂದು 2004ರಲ್ಲಿ ಅಮೆರಿಕದ ಅಪ್ಕೇರಿಯನ್ ತಂಡ ವರದಿ ಮಾಡಿತು. ಓದಿದವರಿಗೆ ಎದೆ ಝಲ್ಲೆನ್ನಬೇಕು. ಆದರೆ 2011ರಲ್ಲಿ ಕೆನಡಾದ ಸಂಶೋಧಕರು ಚಿಕಿತ್ಸೆಯ ಆರು ತಿಂಗಳ ನಂತರ ರೋಗಿಗಳನ್ನು ಮತ್ತೆ ಸ್ಕ್ಯಾನ್ ಮಾಡಿದಾಗ, ತೆಳ್ಳಗಾಗಿದ್ದ ಮುಂಭಾಗದ ಒಂದು ಪ್ರದೇಶ ಮತ್ತೆ ದಪ್ಪವಾಗಿತ್ತು. ಅಂದರೆ ಅದು ಶಾಶ್ವತ ಹಾನಿಯಾಗಿರಲಿಲ್ಲ. ಈ ಎರಡನೆಯ ಮಾತನ್ನು ನಾನು ರೋಗಿಗಳಿಗೆ ತಪ್ಪದೆ ಹೇಳುತ್ತೇನೆ.

ಇನ್ನೊಂದು ಪ್ರಯೋಗ ಅಮೆರಿಕದ ಕೊಲರಾಡೋದಲ್ಲಿ ನಡೆದದ್ದು, 2021ರಲ್ಲಿ ಪ್ರಕಟವಾಯಿತು. ಬೆನ್ನುನೋವಿದ್ದ 151 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಾಲ್ಕು ವಾರ ಮಾತಿನ ಚಿಕಿತ್ಸೆ: ನೋವು ಬಂದಾಗ ಭಯಪಡದೆ ಅದನ್ನು ಗಮನಿಸುವುದು, ಇದು ಗಾಯವಲ್ಲ, ನರಗಳು ತಪ್ಪಾಗಿ ಕೊಡುತ್ತಿರುವ ಎಚ್ಚರಿಕೆ ಎಂದು ಅರ್ಥಮಾಡಿಕೊಂಡು ಚಲಿಸುವುದು. ಇನ್ನೊಂದು ಗುಂಪಿಗೆ ಬೆನ್ನಿಗೆ ಬರೀ ಉಪ್ಪುನೀರಿನ ಸೂಜಿ, ಅದು ಔಷಧವಲ್ಲ ಎಂದು ಹೇಳಿಯೇ ಕೊಟ್ಟರು. ಮೂರನೆಯದಕ್ಕೆ ಎಂದಿನ ಚಿಕಿತ್ಸೆ. ಕೊನೆಗೆ ನೋವು ಪೂರ್ತಿ ಅಥವಾ ಬಹುತೇಕ ಹೋದವರು ಮೊದಲ ಗುಂಪಿನಲ್ಲಿ 50ರಲ್ಲಿ 33 ಮಂದಿ. ಸೂಜಿಯ ಗುಂಪಿನಲ್ಲಿ ಶೇಕಡಾ 20, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇಕಡಾ 10. ಒಂದು ವರ್ಷದ ನಂತರವೂ ಲಾಭ ಬಹುಮಟ್ಟಿಗೆ ಉಳಿದಿತ್ತು.

ಆದರೆ ಅದು ಸಣ್ಣ ಪ್ರಯೋಗ, ನೋವು ತೀರಾ ತೀವ್ರವಲ್ಲದವರೇ ಹೆಚ್ಚಾಗಿದ್ದರು. ಸಂಧಿವಾತ, ಕ್ಯಾನ್ಸರ್, ನರ ಒತ್ತಿಕೊಂಡು ಕಾಲಿಗೆ ಇಳಿಯುವ ನೋವು, ಇವಕ್ಕೆಲ್ಲ ಅದೇ ಫಲ ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಎಷ್ಟು ಮಾಡಿದರೂ ನೋವು ಪೂರ್ತಿ ಹೋಗದವರು ನನ್ನ ಬಳಿಯೂ ಇದ್ದಾರೆ. ಅದು ಅವರ ತಪ್ಪಲ್ಲ.

ಪ್ರಶ್ನೆ (ಹಾವೇರಿ): ಅಮೆರಿಕದಲ್ಲಿ ಚಟ ಹತ್ತಿಸದ ಹೊಸ ನೋವಿನ ಗುಳಿಗೆ ಬಂದಿದೆಯಂತೆ, ನಿಜವೇ?

ಉತ್ತರ: ನಿಜ. ಹೆಸರು ಸುಜೆಟ್ರಿಜಿನ್, 2025ರ ಜನವರಿಯಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ನೋವಿನ ಸುದ್ದಿ ಮಿದುಳಿಗೆ ಹೊರಡುವ ಮೊದಲೇ ಹೊರಗಿನ ನರದಲ್ಲಿ ಅದನ್ನು ತಡೆಯುತ್ತದೆ. ಆದರೆ ಅನುಮತಿ ಇರುವುದು ಶಸ್ತ್ರಚಿಕಿತ್ಸೆಯ ನಂತರದಂಥ ತಾತ್ಕಾಲಿಕ ನೋವಿಗೆ. ವರ್ಷಗಟ್ಟಲೆ ಇರುವ ನೋವಿಗಲ್ಲ.

ಐದು ವಾರಗಳ ನಂತರ, ಗದಗಿನ ಶಿಕ್ಷಕಿ: ಮೇಡಂ, ಲೆಕ್ಕ ಹನ್ನೆರಡಕ್ಕೆ ಬಂದಿತ್ತು. ಎಳ್ಳ ಅಮಾವಾಸ್ಯೆಗೆ ಬೀಗರು ಬಂದರು, ಉತ್ಸಾಹದಲ್ಲಿ ಕೆಳಗೆ ಕುಳಿತು ನಲವತ್ತು ಸಜ್ಜೆ ರೊಟ್ಟಿ ಬಡಿದುಬಿಟ್ಟೆ. ಮೂರು ದಿನದಿಂದ ಏಳಲಾಗುತ್ತಿಲ್ಲ. ಮತ್ತೆ ಡಿಸ್ಕ್ ಜಾರಿತೇ? ಎಲ್ಲ ಹಾಳುಮಾಡಿಕೊಂಡೆನೇ?

ಉತ್ತರ: ಮೊದಲು ಇದಕ್ಕೆ ಉತ್ತರ ಕೊಡಿ: ಮೂತ್ರ ಸರಿಯಾಗಿ ಹೋಗುತ್ತಿದೆಯೇ, ಎರಡೂ ಪಾದಗಳನ್ನು ಮೇಲಕ್ಕೆತ್ತಲು ಆಗುತ್ತಿದೆಯೇ, ಜೋಮು ಇದೆಯೇ?

ಅದೇ ಶಿಕ್ಷಕಿ: ಮೂತ್ರ ಸರಿ ಇದೆ, ಪಾದ ಎತ್ತುತ್ತೇನೆ, ಜೋಮಿಲ್ಲ. ನೋವಷ್ಟೇ.

ಉತ್ತರ: ಹಾಗಾದರೆ ಇದು ನಾಯಿ ಮತ್ತೆ ಬೊಗಳಿದ್ದು. ಹನ್ನೆರಡರಿಂದ ಒಮ್ಮೆಲೇ ನಲವತ್ತಕ್ಕೆ ಹಾರಿದರೆ ಬೊಗಳುತ್ತದೆ. ಇವತ್ತು ಬಿಸಿನೀರಿನ ಚೀಲ ಇಟ್ಟುಕೊಳ್ಳಿ, ಗಂಟೆಗೊಮ್ಮೆ ಎದ್ದು ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಹಾಕಿ. ನಾಡಿದ್ದಿನಿಂದ ಐದು ರೊಟ್ಟಿ, ನಿಂತುಕೊಂಡು. ಸೊನ್ನೆಗೆ ಮಾತ್ರ ಇಳಿಯಬೇಡಿ. ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದಿರಾ?

ಅದೇ ಶಿಕ್ಷಕಿ: ಹೋಗಿದ್ದೆ ಮೇಡಂ. ನಾಲ್ಕು ವರ್ಷಗಳ ಮೇಲೆ ಮೊದಲ ಸಲ. ಬದುವಿನ ಮೇಲೆ ಹೊಲದ ಆ ತುದಿಯವರೆಗೂ ನಡೆದೆ.

ಉತ್ತರ: ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ, ತಾರೀಖು ಹಾಕಿ.